ಬೆಳಗ್ಗೆ ಕೈಕೊಡುವ ಲಾಕು: ಚಾಲಕನ ಬಾಗಿಲಿನ ಒಂದು ದುರಸ್ತಿ

ಕಾರು 2012ರ ಸಣ್ಣ ಹ್ಯಾಚ್‌ಬ್ಯಾಕ್. ಸೆಂಟ್ರಲ್ ಲಾಕ್ ಇಲ್ಲದ ಕೆಳದರ್ಜೆಯ ಮಾದರಿ. ಕೊಂಡ ಮೇಲೆ ಬಿಡಿಭಾಗದ ಅಂಗಡಿಯಲ್ಲಿ ನಾಲ್ಕೂ ಬಾಗಿಲಿಗೆ ಲಾಕ್ ಮೋಟರ್ ಮತ್ತು ರಿಮೋಟ್ ಹಾಕಿಸಿದ್ದು. ಓಡಾಟ ಸಾಗರ ತಾಲ್ಲೂಕಿನ ತೋಟದ ರಸ್ತೆಗಳಲ್ಲಿ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆರದ ಒದ್ದೆ, ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಚಳಿ. ಈ ಮೂರೂ ಮುಂದೆ ಲೆಕ್ಕಕ್ಕೆ ಬರುತ್ತವೆ.

ದೂರು ಹೀಗಿತ್ತು. ರಿಮೋಟ್ ಒತ್ತಿದರೆ ನಾಲ್ಕೂ ಬಾಗಿಲು ಟಕ್ ಎಂದು ಲಾಕ್ ಆಗುತ್ತವೆ, ಮರುಕ್ಷಣವೇ ನಾಲ್ಕೂ ತೆರೆದುಕೊಳ್ಳುತ್ತವೆ. ಕಿಟಕಿಯಲ್ಲಿ ಇಣುಕಿದರೆ ಚಾಲಕನ ಬಾಗಿಲಿನ ಲಾಕ್ ಗುಂಡಿ ಅರ್ಧಕ್ಕೆ ಇಳಿದು ಮತ್ತೆ ಮೇಲೆ ಬರುವುದು ಕಾಣುತ್ತದೆ. ಚಳಿಗಾಲದ ಬೆಳಗ್ಗೆ ಹೆಚ್ಚುಕಡಿಮೆ ಪ್ರತಿ ಸಲವೂ ಹೀಗೆ. ಕಾರು ಒಂದೆರಡು ಗಂಟೆ ಬಿಸಿಲಲ್ಲಿ ನಿಂತರೆ ಏನೂ ಆಗಿಯೇ ಇಲ್ಲವೆಂಬಂತೆ ಲಾಕ್ ಆಗುತ್ತದೆ. ಬೆಳಗ್ಗೆ ಹಟ ಹಿಡಿದು ಹತ್ತು ಸಲ ಒತ್ತಿದರೆ ಗುಂಡಿ ಅರ್ಧಕ್ಕೂ ಇಳಿಯದೆ ಬರೀ ನಡುಗುತ್ತದೆ. ಆರು ತಿಂಗಳ ಹಿಂದೆ ಆ ಬಾಗಿಲಿನ ಮೋಟರನ್ನೇ ಬದಲಿಸಿಯಾಗಿತ್ತು. ಎರಡು ತಿಂಗಳು ಸರಿಯಿತ್ತು, ಆಮೇಲೆ ಮತ್ತೆ ಅದೇ ಪಾಡು.

ಈ ಕೊನೆಯ ಸಂಗತಿಗೆ ತೂಕ ಹೆಚ್ಚು. ಹೊಸ ಮೋಟರ್ ಎರಡೇ ತಿಂಗಳಲ್ಲಿ ಸೋತಿದೆ ಎಂದರೆ ಒಂದೋ ಅದು ಕಳಪೆ, ಇಲ್ಲವೇ ಅದು ಎಳೆಯಬೇಕಾದ ಹೊರೆ ಹೆಚ್ಚಿದೆ. ಮೋಟರ್ ಬದಲಿಸುವುದು ಸುಲಭ, ಬೆಲೆಯೂ ಕೆಲವೇ ನೂರು ರೂಪಾಯಿ. ಅದಕ್ಕೇ ಎಲ್ಲರೂ ಮೊದಲು ಅದಕ್ಕೇ ಕೈಹಾಕುತ್ತಾರೆ. ನಿಜಕ್ಕೂ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ.

ಗುಂಡಿ ಯಾಕೆ ಮರಳುತ್ತದೆ

ಬಾಗಿಲಿನ ಅಂಚಿನಲ್ಲಿ ಕೊಕ್ಕೆ ಕಾಣುತ್ತದಲ್ಲ, ಅದರ ಹಿಂದಿರುವ ಲೋಹದ ಪೆಟ್ಟಿಗೆಯೇ ಲಾಚ್. ಬಾಗಿಲನ್ನು ಹಿಡಿದಿಡುವ ಕೊಕ್ಕೆ ಒಂದು, ಆ ಕೊಕ್ಕೆ ಜಾರದಂತೆ ತಡೆಯುವ ಹಲ್ಲು ಇನ್ನೊಂದು, ಹಿಡಿಕೆ ಎಳೆದರೂ ಹಲ್ಲು ಏಳದಂತೆ ಮಾಡುವ ಲಾಕ್ ಸನ್ನೆ (ಲಿವರ್) ಮತ್ತೊಂದು. ಮೂರೂ ಅದರೊಳಗೇ ಇವೆ. ಲಾಕ್ ಸನ್ನೆಗೆ ಒಂದು ಪುಟ್ಟ ಸ್ಪ್ರಿಂಗ್ ಇದೆ. ಸನ್ನೆ ಅರ್ಧದಾರಿ ದಾಟುವ ತನಕ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ, ದಾಟಿದ ಮೇಲೆ ಮುಂದಕ್ಕೆ ತಳ್ಳುತ್ತದೆ. ಗೋಡೆಯ ಹಳೇ ಲೈಟ್ ಸ್ವಿಚ್ಚಿನ ಹಾಗೆ, ನಡುವೆ ನಿಲ್ಲುವ ಜಾಗವೇ ಇಲ್ಲ. ಗುಂಡಿ ಅರ್ಧಕ್ಕೆ ಬಂದು ಮರಳುತ್ತಿದೆ ಎಂದರೆ ಮೋಟರ್ ಸನ್ನೆಯನ್ನು ಆ ನಡುಬಿಂದುವಿನ ಆಚೆಗೆ ದಾಟಿಸಲು ಆಗದೆ ಕೈಬಿಟ್ಟಿದೆ.

ಹಾಗಾದರೆ ಸರಿಯಿರುವ ಉಳಿದ ಮೂರು ಬಾಗಿಲು ಯಾಕೆ ತೆರೆದುಕೊಂಡವು? ಹೀಗೆ ಹೊರಗೆ ಹಾಕಿಸುವ ಲಾಕ್ ಕಿಟ್‌ಗಳಲ್ಲಿ ಚಾಲಕನ ಬಾಗಿಲಿನ ಮೋಟರಿಗೆ ಐದು ತಂತಿ, ಉಳಿದವಕ್ಕೆ ಎರಡೆರಡು. ಐದರಲ್ಲಿ ಎರಡು ಮೋಟರಿನವು. ಉಳಿದ ಮೂರು ಅದರೊಳಗಿನ ಒಂದು ಸ್ವಿಚ್ಚಿನವು. ಗುಂಡಿ ಮೇಲಿದೆಯೋ ಕೆಳಗಿದೆಯೋ ಎಂದು, ನಾಲ್ಕೂ ಮೋಟರ್ ಓಡಿಸುವ ಕಂಟ್ರೋಲ್ ಯೂನಿಟ್‌ಗೆ ತಿಳಿಸುವುದು ಈ ಸ್ವಿಚ್. ಚಾಲಕ ಕೈಯಲ್ಲಿ ಗುಂಡಿ ಎತ್ತಿದರೂ ನಾಲ್ಕೂ ಬಾಗಿಲು ತೆರೆಯುವುದು ಇದರಿಂದಲೇ. ಈಗ ಗುಂಡಿ ಅರ್ಧಕ್ಕೆ ಇಳಿದು ತಾನಾಗಿ ಮೇಲೆ ಬಂದರೆ ಯೂನಿಟ್‌ಗೆ ಅದು ಕೈಯಲ್ಲಿ ಎತ್ತಿದ್ದೇ. ಅದು ವಿಧೇಯವಾಗಿ ಎಲ್ಲವನ್ನೂ ತೆರೆಯುತ್ತದೆ. ಯೂನಿಟ್ ಕೆಟ್ಟಿದೆ ಎಂದು ಹೊಸದನ್ನು ಕೊಂಡವರೂ ಇದ್ದಾರೆ, ದುಡ್ಡು ದಂಡ.

ಹತ್ತು ಸಲ ಒತ್ತಿದಾಗ ಇನ್ನಷ್ಟು ಸೊರಗುವುದಕ್ಕೂ ಕಾರಣವಿದೆ. ಇಂಥ ಬಹುಪಾಲು ಮೋಟರ್‌ಗಳ ಒಳಗೆ, ಬಿಸಿಯಾದರೆ ಕರೆಂಟ್ ತಡೆಯುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಮೋಟರ್ ಸಿಕ್ಕಿಕೊಂಡು ಸುಟ್ಟುಹೋಗದಿರಲಿ ಎಂದು ಇಟ್ಟದ್ದು. ಮತ್ತೆ ಮತ್ತೆ ಒತ್ತಿದರೆ ಬಿಲ್ಲೆ ಕಾದು ಕರೆಂಟನ್ನು ಕಡಿತಗೊಳಿಸುತ್ತದೆ. ಹಾಗಾಗಿ ಪ್ರತಿ ಪರೀಕ್ಷೆಯ ನಡುವೆ ಎರಡು ಮೂರು ನಿಮಿಷ ಬಿಡಿ. ಇಲ್ಲದಿದ್ದರೆ ಸರಿಯಿರುವ ಮೋಟರೂ ಕೆಟ್ಟದ್ದರ ಹಾಗೆ ಕಾಣುತ್ತದೆ.

ಬಿಚ್ಚುವ ಮೊದಲು ತಿಳಿಯಬಹುದಾದದ್ದು

ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ನಾಲ್ಕು ಪರೀಕ್ಷೆ ಮಾಡಬಹುದು. ಎಲ್ಲವೂ ಬೆಳಗ್ಗೆ, ಕಾರು ತಣ್ಣಗಿರುವಾಗಲೇ ಆಗಬೇಕು. ಮಧ್ಯಾಹ್ನ ಮೆಕ್ಯಾನಿಕ್ ಹತ್ತಿರ ಒಯ್ದರೆ ಅವರೆದುರು ಸರಿಯಾಗಿ ಕೆಲಸ ಮಾಡುತ್ತದೆ, ನೀವು ಸುಳ್ಳು ಹೇಳಿದಂತಾಗುತ್ತದೆ.

ಮೊದಲನೆಯದು ಬೆರಳಿನ ಪರೀಕ್ಷೆ. ಚಾಲಕನ ಬಾಗಿಲಿನ ಗುಂಡಿಯನ್ನೂ ಪಕ್ಕದ ಸೀಟಿನ ಬಾಗಿಲಿನದನ್ನೂ ಒಂದೊಂದು ಬೆರಳಲ್ಲಿ ಒತ್ತಿ ನೋಡಿ. ಇಲ್ಲಿ ವ್ಯತ್ಯಾಸ ಎದ್ದು ಕಂಡಿತು: ಎಡಗಡೆಯದು ಸಲೀಸಾಗಿ ಟಕ್ ಎಂದಿತು, ಚಾಲಕನದು ಜೇನಿನಲ್ಲಿ ಅದ್ದಿದ ಹಾಗೆ ನಿಧಾನ. ಇದನ್ನು ಬಾಗಿಲು ಮುಚ್ಚಿದಾಗಲೂ ತೆರೆದಾಗಲೂ ಮಾಡಬೇಕು. ತೆರೆದಾಗ ಹಗುರ, ಮುಚ್ಚಿದಾಗ ಬಿಗಿ ಎಂದಾದರೆ ದೋಷ ಲಾಚಿನದಲ್ಲ; ಕಂಬದ ಮೇಲಿನ ಸ್ಟ್ರೈಕರ್ (ಕೊಕ್ಕೆ ಸಿಕ್ಕಿಕೊಳ್ಳುವ ಲೋಹದ ತುಂಡು) ಜರುಗಿ ಕೊಕ್ಕೆ ಪೂರ್ತಿ ಕೂರುತ್ತಿಲ್ಲ ಎಂದರ್ಥ. ಈ ಕಾರಿನಲ್ಲಿ ಎರಡೂ ಸಲ ಬಿಗಿ. ಕೆಲವು ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದಿರುವಾಗ ಗುಂಡಿ ಕೆಳಗೆ ನಿಲ್ಲುವುದೇ ಇಲ್ಲ, ಕೀ ಒಳಗೆ ಉಳಿಯದಿರಲಿ ಎಂದು ಹಾಗೆ ಮಾಡಿರುತ್ತಾರೆ. ಅಂಥದ್ದಾದರೆ ಸ್ಕ್ರೂಡ್ರೈವರ್ ಕಡ್ಡಿಯಿಂದ ಕೊಕ್ಕೆಯನ್ನು ಎರಡು ಟಕ್ ಕೇಳುವ ತನಕ ಮುಚ್ಚಿ, ಆಮೇಲೆ ಗುಂಡಿ ಒತ್ತಿ. ಕೊಕ್ಕೆ ಹೀಗೆ ಮುಚ್ಚಿರುವಾಗ ಅಪ್ಪಿತಪ್ಪಿಯೂ ಬಾಗಿಲು ಹಾಕಬಾರದು, ಅದು ಸ್ಟ್ರೈಕರಿಗೆ ಬಡಿದು ಎರಡೂ ಹಾಳು. ಮೊದಲು ಗುಂಡಿ ಎತ್ತಿ, ಹೊರಗಿನ ಹಿಡಿಕೆ ಎಳೆದು ಕೊಕ್ಕೆ ಬಿಡಿಸಿ.

ಎರಡನೆಯದು ಬಿಸಿಗಾಳಿ. ಕೂದಲು ಒಣಗಿಸುವ ಡ್ರೈಯರಿನಿಂದ ಬಾಗಿಲಿನ ಅಂಚಿಗೆ, ಲಾಚ್ ಇರುವ ಜಾಗಕ್ಕೆ, ಮೂರು ನಾಲ್ಕು ನಿಮಿಷ ಗಾಳಿ ಹಿಡಿಯಿರಿ. ಇಲ್ಲಿ ಗುಂಡಿ ತಕ್ಷಣ ಹಗುರಾಯಿತು. ಒಳಗಿರುವ ಜಿಡ್ಡು ಚಳಿಗೆ ಗಟ್ಟಿಯಾಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಎಂಜಿನ್ ಚಾಲೂ ಮಾಡಿ ಲಾಕ್ ಮಾಡುವುದು. ನಿಂತ ಕಾರಿನ ಬ್ಯಾಟರಿ 12.3 ವೋಲ್ಟ್ ಇತ್ತು. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ 14ರ ಹತ್ತಿರ ಬರುತ್ತದೆ. ಆಗ ಚಾಲಕನ ಬಾಗಿಲೂ ಲಾಕ್ ಆಯಿತು. ಅಂದರೆ ಮೋಟರ್ ಸತ್ತಿಲ್ಲ, ಗೆಲುವು-ಸೋಲಿನ ಅಂಚಿನಲ್ಲಿದೆ. ಎಂಜಿನ್ ಓಡುವಾಗ ರಿಮೋಟಿಗೆ ಓಗೊಡದ ಯೂನಿಟ್‌ಗಳೂ ಇವೆ, ಅವುಗಳಲ್ಲಿ ಈ ಪರೀಕ್ಷೆ ನಡೆಯದು.

ನಾಲ್ಕನೆಯದು ಬಾಗಿಲನ್ನು ಬೇರೆ ಬೇರೆ ಕೋನದಲ್ಲಿ ತೆರೆದಿಟ್ಟು ರಿಮೋಟ್ ಒತ್ತುವುದು. ಸ್ವಲ್ಪ ತೆರೆದಾಗ ಮೋಟರ್ ಸದ್ದು ಮಾಡಿತು, ಪೂರ್ತಿ ತೆರೆದಾಗ ಸದ್ದೇ ಇಲ್ಲ. ಇದು ಜಿಡ್ಡಿನ ಕಥೆಯಲ್ಲ. ಬಾಗಿಲಿಗೂ ಹಿಂಜ್ ಕಡೆಯ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯಲ್ಲಿ ತಂತಿ ಮುರಿಯುತ್ತಿದೆ.

ಅಲ್ಲಿಗೆ ಒಂದು ಸ್ಕ್ರೂ ಬಿಚ್ಚುವ ಮೊದಲೇ ಎರಡು ದೋಷ ಸಿಕ್ಕವು. ಮೂರನೆಯದೊಂದು ಒಳಗೆ ಕಾದಿತ್ತು.

ಪ್ಯಾಡ್ ತೆಗೆಯುವುದು

ಬೇಕಾದ ಸಾಮಾನು ಹೆಚ್ಚಿಲ್ಲ. 2 ಮತ್ತು 3ನೇ ನಂಬರಿನ ಸ್ಟಾರ್ (ಪ್ಲಸ್ ತುದಿಯ) ಸ್ಕ್ರೂಡ್ರೈವರ್, ಪ್ಯಾಡ್ (ಬಾಗಿಲಿನ ಒಳಮೈಯ ಹೊದಿಕೆ) ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ, ಮಲ್ಟಿಮೀಟರ್, ಹೋಲ್ಡರಿನಲ್ಲಿ ಕೂರಿಸಿದ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್, 5 ಆಂಪಿಯರ್ ಫ್ಯೂಸ್ ಹಾಕಿದ ಉದ್ದನೆಯ ತಂತಿ, ದಪ್ಪ ಕೈಗವಸು. ಬಾಗಿಲಿನ ಒಳತಗಡಿನ ಅಂಚುಗಳು ಬ್ಲೇಡಿನಷ್ಟೇ ಹರಿತ, ಗವಸು ಹಾಕದವರ ಮಣಿಕಟ್ಟು ಕುಯ್ಯುವುದು ಖಂಡಿತ.

ಗಾಜನ್ನು ಪೂರ್ತಿ ಮೇಲೇರಿಸಿ, ಆಮೇಲೆ ಬ್ಯಾಟರಿಯ ಮೈನಸ್ ಕಳಚಿ. ಒಳಹಿಡಿಕೆಯ ಬಟ್ಟಲಿನ ಹಿಂದೆ ಒಂದು ಸ್ಕ್ರೂ, ಕೈಯೂರುವ ಜಾಗದಲ್ಲಿ ಎರಡು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಷ್ಟೇ. ಕೈಯಲ್ಲಿ ತಿರುಗಿಸುವ ಕಿಟಕಿಯಾದರೆ ಹಿಡಿಯ ಹಿಂದೆ ಒಂದು ಬಾಗಿದ ತಂತಿಯ ಕ್ಲಿಪ್ ಇರುತ್ತದೆ. ಹಿಡಿಗೂ ಪ್ಯಾಡಿಗೂ ನಡುವೆ ಹಳೇ ಬಟ್ಟೆಯ ಪಟ್ಟಿ ತೂರಿಸಿ ಮೊಸರು ಕಡೆಯುವ ಹಾಗೆ ಅತ್ತಿತ್ತ ಎಳೆದರೆ ಅದು ಹಾರಿಬರುತ್ತದೆ. ಎಲ್ಲಿಗೆ ಹಾರುತ್ತದೆ ಎಂದು ನೋಡಿಕೊಳ್ಳಿ. ಪ್ಯಾಡನ್ನು ಕೆಳಮೂಲೆಯಿಂದ ಎಬ್ಬಿಸುತ್ತ ಬಂದು ಕೊನೆಗೆ ಮೇಲಕ್ಕೆತ್ತಿ ಕಳಚಿ. ಮುರಿದ ಪ್ಲಾಸ್ಟಿಕ್ ಕ್ಲಿಪ್‌ಗಳ ಬದಲಿಗೆ ಐದಾರು ಹೊಸವನ್ನು ಮೊದಲೇ ತಂದಿಟ್ಟುಕೊಳ್ಳುವುದು ಜಾಣತನ. ಹತ್ತು ವರ್ಷ ದಾಟಿದ ಕಾರಿನಲ್ಲಿ ಒಂದೂ ಮುರಿಯದೆ ಬರುವುದು ಅಪರೂಪ.

ಒಳಗೆ ಕಪ್ಪು ಅಂಟಿನಿಂದ ಕೂರಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹರಿದು ಬಿಸಾಡುವವರೇ ಹೆಚ್ಚು. ಮಲೆನಾಡಿನ ಮಳೆಯಲ್ಲಿ ಅದಕ್ಕೆ ತಕ್ಕ ಶಾಸ್ತಿ ಆಗುತ್ತದೆ. ಗಾಜಿನ ಪಕ್ಕದಿಂದ ಇಳಿಯುವ ನೀರು ಆ ಹಾಳೆಯ ಹೊರಮೈ ಮೇಲೆ ಹರಿದು ಬಾಗಿಲಿನ ತಳದ ತೂತುಗಳಿಂದ ಹೊರಹೋಗಬೇಕು. ಹಾಳೆ ಇಲ್ಲದಿದ್ದರೆ ಅದು ಪ್ಯಾಡಿಗೆ ಹೀರಿ, ನೆಲಹಾಸಿಗೆ ಇಳಿದು, ಕಾರಿನೊಳಗೆ ಬೂಷ್ಟು ಹಿಡಿದ ವಾಸನೆ. ಅಂಟನ್ನು ಚಾಕುವಿನಿಂದ ಮೆಲ್ಲಗೆ ಬಿಡಿಸಿ, ಹಾಳೆಯ ಹಿಂಬದಿಯ ಅರ್ಧವನ್ನು ಮಾತ್ರ ಮಡಚಿ ಟೇಪ್ ಹಚ್ಚಿ. ಅಷ್ಟು ಜಾಗ ಸಾಕು. ತಳದ ತೂತುಗಳು ಕೆಸರಿನಿಂದ ಮುಚ್ಚಿದ್ದವು, ಕಡ್ಡಿ ಆಡಿಸಿ ಬಿಡಿಸಬೇಕಾಯಿತು.

ಈ ಹಂತದಲ್ಲಿ ಮೋಟರಿನ ಕನೆಕ್ಟರ್ ಕಳಚಿ, ಮೈನಸ್ ತಾತ್ಕಾಲಿಕವಾಗಿ ಜೋಡಿಸಿ ರಿಮೋಟ್ ಒತ್ತಿ ನೋಡಿ. ಉಳಿದ ಮೂರು ಬಾಗಿಲು ಲಾಕ್ ಆಗಿ ಹಾಗೇ ನಿಂತವು. ರಿಮೋಟ್, ಯೂನಿಟ್, ಫ್ಯೂಸ್ ಮೂರಕ್ಕೂ ಇದರಿಂದ ಮುಕ್ತಿ. ಬಳಿಕ ಗುಂಡಿಯನ್ನು ಲಾಚಿಗೆ ಜೋಡಿಸುವ ಲಾಕ್ ರಾಡಿನಿಂದ ಮೋಟರನ್ನು ಬಿಡಿಸಿ, ಫ್ಯೂಸ್ ತಂತಿಯ ಮೂಲಕ ಬ್ಯಾಟರಿಯಿಂದಲೇ ನೇರ ಕರೆಂಟ್ ಮುಟ್ಟಿಸಲಾಯಿತು, ಒಂದು ಕ್ಷಣ ಮಾತ್ರ. ಮೋಟರಿನ ದಂಡ ಚಕ್ಕನೆ ಪೂರ್ತಿ ಹೊರಬಂತು. ತಂತಿ ಅದಲುಬದಲು ಮಾಡಿದಾಗ ಪೂರ್ತಿ ಒಳಹೋಯಿತು. ಹೆಚ್ಚಿನ ಕಿಟ್‌ಗಳಲ್ಲಿ ನೀಲಿ ಮತ್ತು ಹಸಿರು ಮೋಟರಿನವು, ಕಪ್ಪು, ಬಿಳಿ, ಕಂದು ಸ್ವಿಚ್ಚಿನವು. ಆದರೆ ಬಣ್ಣವನ್ನು ನಂಬಿ ಕರೆಂಟ್ ಕೊಡಬೇಡಿ. ಮೀಟರನ್ನು ಬೀಪ್‌ಗೆ ಇಟ್ಟು ದಂಡವನ್ನು ಕೈಯಲ್ಲಿ ಎಳೆದು ತಳ್ಳಿ. ಎಳೆದಾಗೊಮ್ಮೆ ತಳ್ಳಿದಾಗೊಮ್ಮೆ ಒಂದೇ ತಂತಿಯ (ಹೆಚ್ಚಾಗಿ ಕಪ್ಪು) ಜತೆ ಸರದಿಯಂತೆ ಬೀಪ್ ಕೊಡುವ ಎರಡು, ಜತೆಗೆ ಆ ಒಂದು, ಈ ಮೂರೂ ಸ್ವಿಚ್ಚಿನ ತಂತಿಗಳು. ಉಳಿದೆರಡು ಮೋಟರಿನವು.

ಮೋಟರ್ ನಿರಪರಾಧಿ ಎಂದಾಯಿತು.

ಲಾಚಿನ ಒಳಗಿದ್ದದ್ದು

ಮೋಟರ್ ಬಿಡಿಸಿದ ಮೇಲೆ ಲಾಕ್ ರಾಡಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದರೆ ಸನ್ನೆ ದಾಟಲು ಎಷ್ಟು ಬಲ ಬೇಕು ಎಂಬುದು ಅಂಕಿಯಲ್ಲೇ ಸಿಗುತ್ತದೆ. ಬೆಳಗಿನ ಚಳಿಯಲ್ಲಿ 2.2 ಕೆ.ಜಿ. ಬೇಕಾಯಿತು. ಎಡಗಡೆಯ ಬಾಗಿಲಿನಲ್ಲಿ 0.7. ಇಂಥ ಮೋಟರ್ ಪೂರ್ತಿ 12 ವೋಲ್ಟಿನಲ್ಲಿ ಮೂರು ನಾಲ್ಕು ಕೆ.ಜಿ. ಎಳೆದೀತು, ವೋಲ್ಟೇಜ್ ಕುಸಿದರೆ ಆ ಬಲವೂ ಕುಸಿಯುತ್ತದೆ.

ಲಾಚನ್ನು ಬಾಗಿಲಿನ ಅಂಚಿನಲ್ಲಿ ಮೂರು ಸ್ಕ್ರೂ ಹಿಡಿದಿರುತ್ತವೆ. ಕಾರ್ಖಾನೆಯಲ್ಲಿ ಅಂಟು ಹಚ್ಚಿ ಬಿಗಿದದ್ದು. ಇಲ್ಲಿ 2ನೇ ನಂಬರಿನ ಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ಡ್ರಿಲ್ ಮಾಡುವುದೊಂದೇ ದಾರಿ. 3ನೇ ನಂಬರ್ ಇಟ್ಟು ಹಿಂಬದಿಗೆ ಸುತ್ತಿಗೆಯಿಂದ ಎರಡು ಏಟು ಹಾಕಿ, ಮೈಭಾರ ಕೊಟ್ಟು ತಿರುಗಿಸಿ. ಕೆಲವು ಕಾರುಗಳಲ್ಲಿ ನಕ್ಷತ್ರದಾಕಾರದ ಟಾರ್ಕ್ಸ್ ಸ್ಕ್ರೂ ಇರುತ್ತದೆ, ಅದಕ್ಕೆ ಅದರದ್ದೇ ಬಿಟ್ ಬೇಕು. ರಾಡ್‌ಗಳನ್ನು ಬಿಡಿಸುವ ಮೊದಲು ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದಿಟ್ಟುಕೊಳ್ಳಿ: ಒಳಹಿಡಿಕೆಯದು, ಹೊರಹಿಡಿಕೆಯದು, ಕೀ ಸಿಲಿಂಡರಿನದು, ಗುಂಡಿಯದು. ರಾಡ್ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಎಳೆದರೆ ಬರುವುದಿಲ್ಲ. ಅದರ ರೆಕ್ಕೆಯನ್ನು ರಾಡಿನಿಂದ ಆಚೆಗೆ ತಿರುಗಿಸಿದ ಮೇಲೆ ರಾಡ್ ತಾನೇ ಜಾರುತ್ತದೆ. ಲಾಚ್ ಹೊರಗೆ ಬರಲು ಗಾಜಿನ ಹಿಂಬದಿಯ ಕಂಬಿ ಅಡ್ಡ ಬಂದರೆ ಅದರ ಕೆಳಗಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಜರುಗಿಸಿ.

ಹೊರಬಂದ ಲಾಚಿನಲ್ಲಿ ಕಂಡದ್ದು ಕೆಂಪು-ಕಂದು ಮುದ್ದೆ. ಮುಟ್ಟಿದರೆ ಮೇಣ, ಮೂಸಿದರೆ ಕೊಬ್ಬರಿ ಎಣ್ಣೆ.

ಕಿರುಗುಟ್ಟುವ ಬಾಗಿಲಿಗೆ, ಬಿಗಿಯಾದ ಕೀಲಿಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ಹಳೇ ರೂಢಿ. ಮನೆಬಾಗಿಲಿಗೆ ನಡೆದೀತು, ಕಾರಿನ ಲಾಚಿಗೆ ಸಲ್ಲದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಚ್ಚಲಿನ ಬಾಟಲಿಯಲ್ಲಿ ಆಗುವುದೇ ಬಾಗಿಲೊಳಗೂ ಆಗುತ್ತದೆ. ಬಿಸಿಲೇರಿದರೆ ಕರಗುತ್ತದೆ, ಲಾಕು ಹಗುರಾಗುತ್ತದೆ. ಜತೆಗೆ ರಸ್ತೆಯ ಧೂಳನ್ನು ಹಿಡಿದಿಟ್ಟುಕೊಂಡು ಅರೆಯುವ ಹಿಟ್ಟಾಗುತ್ತದೆ. ಹೊಸ ಮೋಟರ್ ಎರಡು ತಿಂಗಳು ಬಾಳಿ ಆಮೇಲೆ ಸೋತದ್ದರಲ್ಲಿ ಇದರ ಪಾಲೂ ಇದೆ: ಅದನ್ನು ಹಾಕಿದ್ದು ಸೆಕೆಯ ತಿಂಗಳಿನಲ್ಲಿ, ಆಗ ಎಣ್ಣೆ ನೀರಾಗಿಯೇ ಇತ್ತು.

ಇದೇ ಮಾತು ತುಕ್ಕು ಬಿಡಿಸುವ ಸ್ಪ್ರೇಗೂ. ಡಬ್ಲ್ಯುಡಿ-40 ಥರದ್ದು ಹೊಡೆದ ಕೂಡಲೇ ಲಾಕು ಬೆಣ್ಣೆಯಂತಾಗುತ್ತದೆ, ಎಲ್ಲರಿಗೂ ಖುಷಿ. ಆದರೆ ಅದು ಮೂಲ ಗ್ರೀಸನ್ನೂ ತೊಳೆದುಬಿಡುತ್ತದೆ, ತಾನೂ ಬೇಗ ಆರುತ್ತದೆ. ಕೆಲವು ವಾರಗಳಲ್ಲಿ ಮೊದಲಿಗಿಂತ ಹೆಚ್ಚು ಬಿಗಿ. ತೊಳೆಯಲು ಅದು ಒಳ್ಳೆಯದು, ಆಮೇಲೆ ಗ್ರೀಸ್ ಹಾಕಲೇಬೇಕು.

ಈ ಲಾಚಿನೊಳಗೆ ಮೋಟರಾಗಲಿ ಸ್ವಿಚ್ಚಾಗಲಿ ಇಲ್ಲ, ಬರೀ ಲೋಹ ಮತ್ತು ಪ್ಲಾಸ್ಟಿಕ್. ಹಾಗಾಗಿ ಅರ್ಧ ಗಂಟೆ ಡೀಸೆಲಿನಲ್ಲಿ ಮುಳುಗಿಸಿಡಬಹುದು. ಕಂಪನಿಯ ಸೆಂಟ್ರಲ್ ಲಾಕ್ ಇರುವ ಕಾರುಗಳಲ್ಲಿ ಮೋಟರ್ ಲಾಚಿನ ಮೈಯಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಮುಳುಗಿಸಿದರೆ ಕೆಟ್ಟಿತು. ಅಂಥದ್ದಕ್ಕೆ ಕೊಕ್ಕೆಯ ಭಾಗಕ್ಕೆ ಮಾತ್ರ ಬ್ರಷ್. ನೆನೆದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪ್ರತಿ ಸನ್ನೆಯನ್ನೂ ಇಪ್ಪತ್ತು ಮೂವತ್ತು ಸಲ ಆಡಿಸಿ, ಡೀಸೆಲ್ ಬದಲಿಸಿ ಮತ್ತೊಮ್ಮೆ. ಕೊನೆಗೆ ಬಯಲಿನಲ್ಲಿ ಬ್ರೇಕ್ ಕ್ಲೀನರ್ ಹೊಡೆದು ಡೀಸೆಲ್ ಅಂಶ ತೆಗೆಯಿರಿ. ಹತ್ತಿರ ಬೆಂಕಿ, ಬೀಡಿ ಬೇಡ, ಕಾರಿನ ಪೇಂಟಿಗೂ ತಾಗದಿರಲಿ. ಬಿಸಿಲಲ್ಲಿ ಒಂದು ಗಂಟೆ ಒಣಗಿಸಿ.

ಗ್ರೀಸ್ ಎಂದರೆ ಬೇರಿಂಗಿನ ದಪ್ಪ ಗ್ರೀಸ್ ಅಲ್ಲ. ಬಿಳಿ ಲಿಥಿಯಂ ಗ್ರೀಸ್, ಬಟಾಣಿ ಕಾಳಿನಷ್ಟು ಸಾಕು: ಕೊಕ್ಕೆಯ ಅಚ್ಚಿಗೆ, ಹಲ್ಲಿನ ಅಚ್ಚಿಗೆ, ಕೊಕ್ಕೆ ಮತ್ತು ಹಲ್ಲು ಉಜ್ಜುವ ಮುಖಕ್ಕೆ, ಲಾಕ್ ಸನ್ನೆಯ ಸ್ಪ್ರಿಂಗಿನ ಎರಡು ತುದಿಗೆ. ಹೆಚ್ಚು ಮೆತ್ತಿದರೆ ಮತ್ತೆ ಧೂಳಿಗೆ ಆಹ್ವಾನ. ಇಷ್ಟಾದ ಮೇಲೆ ಮರುದಿನ ಬೆಳಗ್ಗೆ ತಕ್ಕಡಿ 0.6 ಕೆ.ಜಿ. ತೋರಿಸಿತು.

ಕೀ ಸಿಲಿಂಡರಿನಲ್ಲೂ ಅದೇ ಎಣ್ಣೆ ಇತ್ತು. ಅದಕ್ಕೆ ಸ್ಪ್ರೇ ಹೊಡೆದು, ಕೀ ತೂರಿಸಿ ತೆಗೆದು ಒರೆಸುತ್ತ ಕೀ ಶುಭ್ರವಾಗಿ ಬರುವ ತನಕ ಹತ್ತಿಪ್ಪತ್ತು ಸಲ ಮಾಡಬೇಕು. ಪೂರ್ತಿ ಒಣಗಿದ ಮೇಲೆ ಒಂದು ಚಿಟಿಕೆ ಗ್ರಾಫೈಟ್ ಪುಡಿ. ಒಣಗದೆ ಪುಡಿ ಹಾಕಿದರೆ ಎಣ್ಣೆಯ ಜತೆ ಸೇರಿ ಕಾಡಿಗೆಯಾಗುತ್ತದೆ, ಕೀಲಿಯ ಸೂಕ್ಷ್ಮ ತಗಡುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಬೀಪ್ ಹೇಳಿದ ಸುಳ್ಳು

ತಂತಿಯ ವಿಷಯದಲ್ಲಿ ಜನ ಮೋಸಹೋಗುವುದು ಮೀಟರಿನ ಬೀಪಿನಿಂದ. ಹದಿನಾರು ಎಳೆ ತಾಮ್ರದಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಕಳಿಸುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟ್. ಮೋಟರ್ ಸಿಕ್ಕಿಕೊಂಡಾಗ ಕೇಳುವುದು ಹಲವು ಆಂಪಿಯರ್. ಸರಿಯಾದ ಪರೀಕ್ಷೆ ಹೊರೆ ಹೊರಿಸಿ ನೋಡುವುದು. ಲಾಕ್ ಆಗುವ ಹೊತ್ತು ಸೆಕೆಂಡಿಗಿಂತ ಕಮ್ಮಿ, ಅಷ್ಟರಲ್ಲಿ ಡಿಜಿಟಲ್ ಮೀಟರಿನ ಅಂಕಿ ನಿಲ್ಲುವುದೂ ಇಲ್ಲ. ಅದಕ್ಕೇ ಬಲ್ಬ್.

ಸ್ಟಿಯರಿಂಗ್ ಕೆಳಗಿನ ಯೂನಿಟ್ಟಿನ ಕನೆಕ್ಟರ್ ಕಳಚಿ, ಆ ತುದಿಯಲ್ಲಿ ನೀಲಿ ತಂತಿಗೆ ಬ್ಯಾಟರಿಯ ಪ್ಲಸ್ಸನ್ನು ಫ್ಯೂಸ್ ಮೂಲಕ ಕೊಡಿ. ಬಾಗಿಲಿನೊಳಗಿನ ತುದಿಗೆ ಬಲ್ಬ್ ಜೋಡಿಸಿ, ಬಲ್ಬಿನ ಇನ್ನೊಂದು ತುದಿಯನ್ನು ಬೇರೆ ತಂತಿಯಿಂದ ನೇರ ಬ್ಯಾಟರಿಯ ಮೈನಸ್ಸಿಗೆ. ಬಾಗಿಲಿನ ತಗಡಿಗೆ ಮುಟ್ಟಿಸಿದರೆ ಸಾಲದು, ಪೇಂಟ್ ಮತ್ತು ಗ್ರೀಸ್ ತುಂಬಿದ ಹಿಂಜ್ ಮೂಲಕ ಬರುವ ಅರ್ಥ್ ನಂಬಿಕೆಗೆ ಯೋಗ್ಯವಲ್ಲ. ಉರಿಯುವ ಬಲ್ಬಿನ ಎರಡು ತುದಿಯ ನಡುವೆ ವೋಲ್ಟೇಜ್ ಅಳೆಯಿರಿ. ನೀಲಿಯಲ್ಲಿ 12.1. ಹಸಿರಿನಲ್ಲಿ 10.6, ಅದೂ ಬಾಗಿಲು ಪೂರ್ತಿ ತೆರೆದಾಗ ಬಲ್ಬ್ ಆರಿಯೇ ಹೋಯಿತು. ಬಲ್ಬ್ ಎಳೆಯುವುದು 1.75 ಆಂಪಿಯರಿನ ಆಸುಪಾಸು. ಅಷ್ಟಕ್ಕೇ ಒಂದೂವರೆ ವೋಲ್ಟ್ ಕುಸಿತ ಎಂದರೆ ಮುರಿದ ಜಾಗದಲ್ಲಿ ಹತ್ತಿರ ಹತ್ತಿರ 1 ಓಮ್ ತಡೆ ಇದೆ. ಮೋಟರ್ 4 ಆಂಪಿಯರ್ ಎಳೆಯಹೊರಟರೆ ನುಂಗುವುದು ನಾಲ್ಕು ವೋಲ್ಟ್.

ರಬ್ಬರ್ ಕೊಳವೆಯ ಕಂಬದ ಕಡೆಯ ಬಾಯಿ ಬಿಡಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಜಗ್ಗಿದಾಗ ಹಸಿರು ತಂತಿ ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರ ಇಲ್ಲದಿದ್ದರೆ ಹೊದಿಕೆ ಮಾತ್ರ ಹೀಗೆ ಹಿಗ್ಗುತ್ತದೆ. ಮೂಲ ಕಾರಣ ಕಿಟ್ ಹಾಕಿದವರ ಕೈಕೆಲಸ: ತಂತಿ ಎಷ್ಟು ಗಿಡ್ಡವೆಂದರೆ ಬಾಗಿಲು ಪೂರ್ತಿ ತೆರೆದರೆ ಸೆಟೆದುಕೊಳ್ಳುತ್ತಿತ್ತು. ದಿನಕ್ಕೆ ಹತ್ತಾರು ಸಲ ತೆರೆಯುವ ಬಾಗಿಲದು, ಇಷ್ಟು ವರ್ಷ ಬಾಳಿದ್ದೇ ಹೆಚ್ಚು.

ಒಂದು ತಂತಿ ಮುರಿದಿದ್ದರೆ ಉಳಿದ ನಾಲ್ಕು ಸರದಿಯಲ್ಲಿವೆ, ಐದನ್ನೂ ಬದಲಿಸಬೇಕು. ತಲಾ 60 ಸೆಂಟಿಮೀಟರ್, ಒಟ್ಟು 3 ಮೀಟರ್. ಮೋಟರಿನ ಎರಡಕ್ಕೆ 0.75 ಚದರ ಮಿ.ಮೀ., ಸ್ವಿಚ್ಚಿನ ಮೂರಕ್ಕೆ 0.5. ಸಣ್ಣ ಎಳೆಗಳು ಹೆಚ್ಚಿರುವ ಮೆದು ತಂತಿ ಬೇಕು. ಮನೆಯ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಇಲ್ಲಿ ಒಂದು ವರ್ಷವೂ ಬಾಳದು. ಬೆಸುಗೆಯ ಜೋಡಣೆ ಕೊಳವೆಯ ಒಳಗೆ ಬರಲೇಬಾರದು. ಬೆಸುಗೆ ಹೀರಿದ ತಾಮ್ರ ಸರಿಗೆಯಂತೆ ಗಟ್ಟಿಯಾಗುತ್ತದೆ, ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಒಂದು ತುದಿಯ ಜೋಡಣೆ ಡ್ಯಾಶ್ ಕೆಳಗೆ, ಇನ್ನೊಂದು ಬಾಗಿಲೊಳಗೆ, ಐದೂ ಒಂದೇ ಜಾಗದಲ್ಲಿ ಗಂಟಾಗದಂತೆ ಮೂರು ನಾಲ್ಕು ಸೆಂಟಿಮೀಟರ್ ಹಿಂದುಮುಂದು ಮಾಡಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ತಂತಿಯನ್ನು ಅಪ್ಪುವ ಕೊಳವೆ) ಹಾಕಿ. ಹೊಸ ತಂತಿಗಳನ್ನು ಹಳೆಯದರ ತುದಿಗೆ ಕಟ್ಟಿ ಎಳೆದರೆ ಕೊಳವೆಯೊಳಗೆ ಸುಲಭವಾಗಿ ನುಸುಳುತ್ತವೆ. ಜಾರಲು ಸಾಬೂನು ನೀರು ಸಾಕು, ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಬಾಗಿಲು ಪೂರ್ತಿ ತೆರೆದಾಗಲೂ ಎರಡು ಬೆರಳಷ್ಟು ಸಡಿಲ ಇರಲಿ.

ಮೂರನೆಯ ದೋಷ

ತಂತಿ ಸೊರಗಿದ್ದರೆ ಲಾಕು, ಅನ್‌ಲಾಕು ಎರಡೂ ಸೋಲಬೇಕಿತ್ತು. ಎರಡು ದಿಕ್ಕಿಗೂ ಕರೆಂಟ್ ಹರಿಯುವುದು ಅದೇ ಎರಡು ತಂತಿಯಲ್ಲಿ. ಸೋಲುತ್ತಿದ್ದದ್ದು ಲಾಕ್ ಮಾತ್ರ. ಯಾಕೆಂದು ತಿಳಿದದ್ದು ಮೋಟರ್ ಮರುಜೋಡಿಸುವಾಗ.

ಈ ಮೋಟರಿನ ದಂಡದ ಓಟ 18ರಿಂದ 20 ಮಿಲಿಮೀಟರ್. ಗುಂಡಿಯ ಓಟ ಈ ಕಾರಿನಲ್ಲಿ 14. ಉಳಿಯುವ ನಾಲ್ಕರಿಂದ ಆರು ಮಿಲಿಮೀಟರನ್ನು ಮೇಲೆ ಕೆಳಗೆ ಸಮನಾಗಿ ಹಂಚಬೇಕು. ಹಿಂದಿನ ಸಲ ಮೋಟರ್ ಬದಲಿಸಿದವರು ಮೇಲ್ಗಡೆಗೇ ಇದಕ್ಕಿಂತ ಎಷ್ಟೋ ಹೆಚ್ಚು ಸಡಿಲ ಬಿಟ್ಟಿದ್ದರು. ಲಾಕ್ ದಿಕ್ಕಿನಲ್ಲಿ ದಂಡದ ಓಟ ಮುಗಿಯುವುದೂ ಸನ್ನೆ ನಡುಬಿಂದು ದಾಟುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹೊಸದರಲ್ಲಿ ಅಷ್ಟರಲ್ಲೇ ದಾಟುತ್ತಿತ್ತು, ಜೋಡಣೆಯ ಸ್ಕ್ರೂ ಕೂದಲೆಳೆಯಷ್ಟು ಜರುಗಿದ ಮೇಲೆ ಇಲ್ಲ. ಮೋಟರ್ ಕೂತ ತೂತುಪಟ್ಟಿಯೂ ಬಾಗಿ, ದಂಡ ರಾಡಿಗೆ ಸಮಾನಾಂತರವಾಗಿರದೆ ಓರೆಯಾಗಿ ಎಳೆಯುತ್ತಿತ್ತು. ಓರೆ ಎಳೆತದಲ್ಲಿ ಬಲದ ಒಂದು ಪಾಲು ರಾಡನ್ನು ಬಗ್ಗಿಸುವುದಕ್ಕೇ ಖರ್ಚು.

ಹೊಂದಿಸುವ ಕ್ರಮ ಸುಲಭ. ಮೋಟರನ್ನು ರಾಡಿಗೆ ಸಮಾನಾಂತರವಾಗಿ ಬಿಗಿದು, ಜೋಡಿಸುವ ತುಂಡಿನ ಸ್ಕ್ರೂ ಸಡಿಲ ಬಿಡಿ. ಗುಂಡಿಯನ್ನು ಪೂರ್ತಿ ಕೆಳಗೊತ್ತಿ. ದಂಡವನ್ನು ಅದೇ ದಿಕ್ಕಿನಲ್ಲಿ ಕೊನೆಗೊಯ್ದು ಎರಡು ಮಿಲಿಮೀಟರ್ ಹಿಂದಕ್ಕೆ ತಂದು, ಅಲ್ಲಿ ಸ್ಕ್ರೂ ಬಿಗಿಯಿರಿ. ಗುಂಡಿ ಎತ್ತಿ ನೋಡಿದಾಗ ಮೇಲೂ ಎರಡರಷ್ಟಾದರೂ ಉಳಿದಿರಬೇಕು. ಮುಗಿದ ಮೇಲೆ ರಾಡಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿ, ಮುಂದೆ ಜರುಗಿದರೆ ತಿಳಿಯುತ್ತದೆ.

ಮುಚ್ಚುವ ಮುನ್ನ

ಬಾಗಿಲು ತೆರೆದಿಟ್ಟೇ ಎಲ್ಲ ಪರೀಕ್ಷೆ ಮುಗಿಸಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಒಂದು ರಾಡ್ ಕ್ಲಿಪ್ಪಿನಿಂದ ಜಾರಿದ್ದು ಗೊತ್ತಾಗದೆ ಬಾಗಿಲು ಹಾಕಿದರೆ ಒಳಗಿನಿಂದಲೂ ಹೊರಗಿನಿಂದಲೂ ತೆರೆಯದೆ ಹೋಗಬಹುದು. ಆಗ ಮುಚ್ಚಿದ ಬಾಗಿಲಿನ ಪ್ಯಾಡ್ ಬಿಚ್ಚುವುದು ಅರ್ಧ ದಿನದ ಯಾತನೆ, ಪ್ಯಾಡ್ ಕೂಡ ಉಳಿಯುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೊಕ್ಕೆ ಎರಡು ಟಕ್ ಮುಚ್ಚಿ, ಒಳಹಿಡಿಕೆಯಿಂದ ಬಿಡಿಸಿ. ಮತ್ತೆ ಮುಚ್ಚಿ, ಹೊರಹಿಡಿಕೆಯಿಂದ. ಮತ್ತೆ ಮುಚ್ಚಿ, ಲಾಕ್ ಮಾಡಿ. ಹಿಡಿಕೆ ಎಳೆದರೆ ಬಿಡಬಾರದು. ಕೀಯಿಂದ ಬಿಡಿಸಿ, ರಿಮೋಟಿನಿಂದ ಬಿಡಿಸಿ. ಎಲ್ಲವೂ ಐದೈದು ಸಲ, ರಿಮೋಟಿನದು ನಡುವೆ ಬಿಡುವು ಕೊಟ್ಟು.

ಇನ್ನೊಂದು, ಗಾಜನ್ನು ಪೂರ್ತಿ ಇಳಿಸಿ ಏರಿಸಿ. ಹೊಸ ತಂತಿ ಗಾಜಿನ ದಾರಿಯಲ್ಲಿ ತೂಗಾಡುತ್ತಿದ್ದರೆ ಈಗಲೇ ಟೈ ಹಾಕಿ ತಗಡಿಗೆ ಕಟ್ಟಿ. ಲಾಚಿನ ಮೂರು ಸ್ಕ್ರೂಗಳಿಗೆ ಒಂದೊಂದು ಹನಿ ಸಡಿಲವಾಗದ ಅಂಟು. ಪ್ಲಾಸ್ಟಿಕ್ ಹಾಳೆಯ ಕೆಳಅಂಚು ಬಾಗಿಲಿನ ಒಳಕ್ಕೆ ಬಾಗಿರಲಿ, ನೀರು ಒಳಗೇ ಇಳಿದು ತಳದ ತೂತಿನಿಂದ ಹೋಗಲಿ. ಹಳೇ ಅಂಟು ಹಿಡಿಯದಿದ್ದರೆ ಬ್ಯುಟೈಲ್ ಟೇಪ್ ಸಿಗುತ್ತದೆ. ಫೆವಿಕಾಲ್, ಸೆಲ್ಲೋಟೇಪ್ ಇಲ್ಲಿ ಮಳೆಗಾಲ ದಾಟಲಾರವು. ಪ್ಯಾಡ್ ಕೂರಿಸಿದ ಮೇಲೆ ಅರ್ಧ ಬಕೆಟ್ ನೀರನ್ನು ಗಾಜಿನ ಹೊರಮೈಗೆ ನಿಧಾನ ಹೊಯ್ಯಿರಿ. ತಳದಿಂದ ಸುರಿಯಬೇಕು, ಒಳಗೆ ಒಂದು ಹನಿಯೂ ಕಾಣಬಾರದು.

ಮೊದಲ ಸಲ ಕೈಹಾಕುವವರಿಗೆ ಇಡೀ ಕೆಲಸಕ್ಕೆ ಒಂದು ದಿನ ಹಿಡಿಯುತ್ತದೆ, ಅದರಲ್ಲಿ ತಂತಿಯದೇ ಅರ್ಧ. ಹೊಸದಾಗಿ ಕೊಂಡದ್ದು ತಂತಿ, ಹೀಟ್ ಶ್ರಿಂಕ್, ಗ್ರೀಸ್, ಕ್ಲಿಪ್ ಇಷ್ಟೇ. ಮರುದಿನ ಬೆಳಗ್ಗೆ ಎಂಜಿನ್ ಹಾಕದೆ, 12.3 ವೋಲ್ಟಿನಲ್ಲೇ, ಮೊದಲ ಒತ್ತಿಗೇ ಗುಂಡಿ ಪೂರ್ತಿ ಇಳಿದು ನಿಂತಿತು.

ಆರು ತಿಂಗಳ ಹಿಂದೆ ತೆಗೆದಿಟ್ಟಿದ್ದ ಹಳೇ ಮೋಟರ್ ಡಿಕ್ಕಿಯ ಮೂಲೆಯಲ್ಲಿ ಸಿಕ್ಕಿತು. ಫ್ಯೂಸ್ ತಂತಿಯಿಂದ ಕರೆಂಟ್ ಮುಟ್ಟಿಸಿದಾಗ ಅದೂ ಚಕ್ಕನೆ ಓಡಿತು. ಐದು ತಂತಿಯ ಮೋಟರಾದರೂ ನೀಲಿ-ಹಸಿರು ಎರಡನ್ನೇ ಜೋಡಿಸಿದರೆ ಹಿಂಬಾಗಿಲಿಗೆ ನಡೆಯುತ್ತದೆ. ಉಳಿದ ಮೂರರ ತುದಿಗೆ ಟೇಪ್ ಸುತ್ತಿ ಅದನ್ನು ಬಿಡಿಯಾಗಿ ಇಟ್ಟುಕೊಳ್ಳಬಹುದು.